ನೀರಿನ ಮೇಲೆ ಊದಿಸುವವರು ಯಾರು?



ಈ ವಾರದ ವಿಷಯ ಕೊಟ್ಟವನು ಏಳನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗ. ಶನಿವಾರ ರಾತ್ರಿ ಯಲಹಂಕದಿಂದ ಬಾಗಲೂರಿಗೆ ಬರುವಾಗ ಪೊಲೀಸರು ಕಾರು ನಿಲ್ಲಿಸಿ ಅವನ ಅಪ್ಪನಿಂದ ಯಂತ್ರಕ್ಕೆ ಊದಿಸಿದರಂತೆ. ಸೊನ್ನೆ ಬಂತು, ಬಿಟ್ಟರು. ಹುಡುಗ ಮನೆಗೆ ಬಂದವನೇ, "ತಾತ, ದೋಣಿ ಓಡಿಸೋರಿಗೆ ಯಾರು ಊದಿಸ್ತಾರೆ?" ಅಂತ ಕೇಳಿದ. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಲೆಡ್ಜರ್ ಬರೆದವನಿಗೆ ಕಾಗದ ತೆಗೆದು ನೋಡದೆ ಸಮಾಧಾನವಿಲ್ಲ. ನೋಡಿದೆ.

ಮೊದಲು ರಸ್ತೆಯ ಲೆಕ್ಕ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಅಪರಾಧ. 30 ಮಿಲಿಗ್ರಾಂ ಎಂದರೆ ಒಂದು ಗ್ರಾಂ ಅನ್ನು ಮೂವತ್ತಮೂರು ಪಾಲು ಮಾಡಿದಾಗ ಸಿಗುವ ಒಂದು ಪಾಲಿನಷ್ಟು, ಅಷ್ಟೇ! ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತ ಆಗಿರಲೇಬೇಕೆಂದಿಲ್ಲ. ಗೆರೆ ದಾಟಿದರೆ ಸಾಕು.

ಇನ್ನು ನೀರಿನ ಲೆಕ್ಕ. ಮೋಟಾರು ವಾಹನ ಕಾಯ್ದೆ ಇರುವುದು ರಸ್ತೆಯ ವಾಹನಗಳಿಗೆ. ಆ 30ರ ಗೆರೆ ದೋಣಿಗೆ ಅನ್ವಯಿಸುವುದಿಲ್ಲ. ಕೆರೆ, ನದಿ, ಹಿನ್ನೀರಿನ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಯಂತ್ರದ ದೋಣಿಗೆ ನೋಂದಣಿ ಬೇಕು, ತಪಾಸಣೆ ಬೇಕು, ನಡೆಸುವವನಿಗೆ ಅರ್ಹತೆ ಬೇಕು, ಜೀವರಕ್ಷಕ ಸಾಮಾನು ಇರಬೇಕು ಎನ್ನುತ್ತದೆ ಅದು. ಇದರ ಜೊತೆಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 282ನೇ ಕಲಂ ಇದೆ. ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದ ಅಥವಾ ಅಲಕ್ಷ್ಯದಿಂದ ದೋಣಿ ನಡೆಸಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1860ರ ಹಳೆಯ ದಂಡ ಸಂಹಿತೆಯಲ್ಲಿ ಈ ದಂಡ 1,000 ರೂಪಾಯಿ ಇತ್ತು. 164 ವರ್ಷದ ಮೇಲೆ ಅದಕ್ಕೊಂದು ಸೊನ್ನೆ ಸೇರಿತು.

ಆದರೆ ಈ ಕಲಮಿನಲ್ಲಿ ಮದ್ಯದ ಹೆಸರೂ ಇಲ್ಲ, ಮಿಲಿಗ್ರಾಂ ಲೆಕ್ಕವೂ ಇಲ್ಲ. ರಸ್ತೆಯಲ್ಲಿ ಯಂತ್ರದ ಅಂಕಿಯೇ ಸಾಕ್ಷಿ. ನೀರಿನಲ್ಲಿ ಅವನು ಅಪಾಯ ತಂದ ಎಂದು ತೋರಿಸಬೇಕು. ಅಷ್ಟು ಹೊತ್ತಿಗೆ ಅಪಾಯ ಬಂದೇಬಿಟ್ಟಿರುತ್ತದೆ.

ಬೇರೆ ದೇಶಗಳಲ್ಲಿ ವಿನೋದಕ್ಕೆ ದೋಣಿ ನಡೆಸುವವರಿಗೂ ಗೆರೆ ಎಳೆದಿದ್ದಾರೆ. ಅಮೆರಿಕದ ಕೇಂದ್ರ ನಿಯಮದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 50. ಅಮೆರಿಕದ ಕೋಸ್ಟ್ ಗಾರ್ಡ್ ವರದಿಗಳಲ್ಲಿ, ಜೀವ ಹೋದ ದೋಣಿ ಅಪಘಾತಗಳಿಗೆ ಗೊತ್ತಾದ ಕಾರಣಗಳ ಪೈಕಿ ಮೊದಲ ಸ್ಥಾನ ಕುಡಿತಕ್ಕೇ.

ಯಾಕೆ ಹಾಗೆ? ದೋಣಿಗೆ ಕಾರಿನಂತೆ ಬ್ರೇಕ್ ಇಲ್ಲ. ಬಿಸಿಲು, ಗಾಳಿ, ಎಂಜಿನ್ ಸದ್ದು, ಓಲಾಟ ಸೇರಿ ಕುಡಿಯದವನನ್ನೂ ದಣಿಸುತ್ತವೆ. ಕುಡಿದವನಿಗೆ ಮೊದಲು ತಪ್ಪುವುದು ಸಮತೋಲ. ರಸ್ತೆಯಲ್ಲಿ ಎಡವಿದರೆ ಮಂಡಿ ತರಚುತ್ತದೆ, ದೋಣಿಯಲ್ಲಿ ಎಡವಿದರೆ ನೀರು. ಬಿದ್ದ ಮೇಲೆ ಕೈಕಾಲು ಹೇಳಿದಂತೆ ಕೇಳುವುದಿಲ್ಲ, ಮೈಯ ಬಿಸಿಯೂ ಬೇಗ ಇಳಿಯುತ್ತದೆ. ಆದ್ದರಿಂದ ದೋಣಿ ನಡೆಸುವವನು ಮಾತ್ರವಲ್ಲ, ಕೂತವನು ಕುಡಿದಿದ್ದರೂ ಅಪಾಯವೇ.

ಹೋದ ವರ್ಷ ನಮ್ಮ ಮನೆಯವರೆಲ್ಲ ಒಂದು ಹಿನ್ನೀರಿಗೆ ಪ್ರವಾಸ ಹೋಗಿದ್ದೆವು. ಊಟದ ಜೊತೆಗೆ ಎರಡು ಬಾಟಲಿ ಮುಗಿಸಿದ ನಮ್ಮ ನೆಂಟರೊಬ್ಬರು, "ಬನ್ರೋ ಮಕ್ಳಾ, ಪೆಡಲ್ ಬೋಟಲ್ಲಿ ಒಂದು ರೌಂಡ್ ಹೋಗೋಣ" ಎಂದು ಎದ್ದರು. ನನ್ನ ಹೆಂಡತಿ ಜೋರು ಮಾಡಲಿಲ್ಲ. ಮಕ್ಕಳಿಬ್ಬರ ಕೈ ಹಿಡಿದುಕೊಂಡು, "ಇವತ್ತು ಬೇಡಪ್ಪ, ನಾಳೆ ಬೆಳಿಗ್ಗೆ ಹೋಗೋರಂತೆ" ಎಂದಳು. ಅವರಿಗೆ ಸಿಟ್ಟು ಬಂತು, ರಾತ್ರಿಯವರೆಗೂ ಮಾತಾಡಲಿಲ್ಲ. ಬೆಳಿಗ್ಗೆ ಅವರೇ ಮಕ್ಕಳಿಗೆ ಲೈಫ್ ಜಾಕೆಟ್ ಕಟ್ಟಿ ಕರೆದುಕೊಂಡು ಹೋದರು. ಮುನಿಸು ಒಂದು ರಾತ್ರಿಯದು.

ನೀರಿನ ದುಃಖ ಹಾಗಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಸೇರಿ. ಅದು ಕುಡಿತದ ಕಥೆಯಲ್ಲ. ಮಿತಿ ಮೀರಿ ಜನ ಹತ್ತಿದ್ದರೆಂದು ಆಗ ಪತ್ರಿಕೆಗಳು ಬರೆದವು. ಆದರೆ ಒಂದು ಮಾತು ಅದಕ್ಕೂ ಇದಕ್ಕೂ ಸಲ್ಲುತ್ತದೆ: ದೋಣಿ ಹತ್ತುವ ಮುಂಚೆ "ಬೇಡ" ಎನ್ನಲು ಸಮಯವಿರುತ್ತದೆ, ನಡುನೀರಿನಲ್ಲಿ ಇರುವುದಿಲ್ಲ.

ಮಕ್ಕಳೇ, ರಜೆಗೆ ಹೊರಡುವ ಮುಂಚೆ ಇಷ್ಟು ನೆನಪಿಡಿ. ಹರಿಗೋಲಿರಲಿ, ಪೆಡಲ್ ಬೋಟ್ ಇರಲಿ, ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿದ ಮೇಲೆಯೇ ಕಾಲಿಡಿ. ದೋಣಿ ನಡೆಸುವವರ ಅಥವಾ ಜೊತೆಗೆ ಬರುವವರ ಬಾಯಿಂದ ವಾಸನೆ ಬಂದರೆ, "ನಾನು ಹತ್ತಲ್ಲ" ಎನ್ನಿ. ಮಾವನಾದರೂ ಸರಿ, ಚಿಕ್ಕಪ್ಪನಾದರೂ ಸರಿ, ಅದು ಅಗೌರವವಲ್ಲ.

ಅಜ್ಜ-ಅಜ್ಜಿಯರೇ, ಹಾಗೆಂದ ಮಗುವನ್ನು ದೊಡ್ಡವರು ಗದರಿದರೆ ನೀವು ಮಗುವಿನ ಪಕ್ಕ ನಿಲ್ಲಿ. ಸರ್ಕಾರ ನೀರಿನ ಮೇಲೂ ಒಂದು ಗೆರೆ ಎಳೆಯಲಿ ಎಂದು ಕೇಳೋಣ. ಅಲ್ಲಿಯವರೆಗೆ ನಮ್ಮ ಮನೆಯ ಗೆರೆ ಸೊನ್ನೆಯೇ ಇರಲಿ. ಈ ಒಂದು ಲೆಕ್ಕದಲ್ಲಿ ಸೊನ್ನೆಯೇ ಲಾಭ.