ಚೇತರಿಸುತ್ತಿರುವ ಮನೆಗೆ ಅತಿಥಿಯಾಗಿ

ಬೆಂಗಳೂರಿನಿಂದ ವಿಮಾನವೇರಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ತಲಪಬಹುದಾದ, ನಮ್ಮ ಹಿರಿಯರು ಸಿಂಹಳವೆಂದು ಕರೆದ ಶ್ರೀಲಂಕೆಗೆ ಹೋಗಿಬರಬೇಕೆಂದು ಬಯಸುವವರಲ್ಲಿ ಅನೇಕರು ಇಂದಿಗೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತುಬಿಡುವುದನ್ನು ಕಂಡಿದ್ದೇನೆ. ಆ ಹಿಂಜರಿಕೆಯಲ್ಲಿ ಅಂಜಿಕೆಯೊಡನೆ ಸಜ್ಜನಿಕೆಯೂ ಬೆರೆತಿರುವುದರಿಂದ ಅದನ್ನು ಲಘುವಾಗಿ ತಳ್ಳಿಹಾಕಲು ಮನಸ್ಸು ಬಾರದು. ಪೆಟ್ರೋಲು ಸಿಕ್ಕೀತೆ, ದೀಪ ಉರಿದೀತೆ, ಬೀದಿ ಶಾಂತವಾಗಿದ್ದೀತೆ ಎಂಬುದು ಅಂಜಿಕೆ. ಉಣ್ಣುವುದಕ್ಕೆ ಕಷ್ಟಪಟ್ಟವರ ಅಂಗಳದಲ್ಲಿ ವಿಹಾರಾರ್ಥವಾಗಿ ಹೋಗಿ ನಿಲ್ಲುವುದು ಉಚಿತವೆ ಎಂಬುದು ಸಜ್ಜನಿಕೆ.

ಅಂಜಿಕೆ ನಿರಾಧಾರವಾಗಿರಲಿಲ್ಲ. ವಿದೇಶೀ ವಿನಿಮಯ ಬರಿದಾಗಿ, ಹೊರಗಿನ ಸಾಲವನ್ನು ತೀರಿಸಲಾರೆನೆಂದು 2022ರ ಏಪ್ರಿಲ್‌ನಲ್ಲಿ ಸರಕಾರವೇ ಸಾರಿದ ಆ ವರ್ಷ, ಬಂಕುಗಳ ಮುಂದೆ ಜನರು ದಿನಗಟ್ಟಲೆ ಸಾಲುಗಟ್ಟಿ ನಿಂತರು. ಅನಿಲ ದೊರೆಯದೆ ಪಟ್ಟಣದ ಮನೆಗಳಲ್ಲಿಯೂ ಸೌದೆಯ ಒಲೆ ಉರಿಯಿತು. ಕಾಗದವಿಲ್ಲದೆ ಶಾಲೆಗಳ ಪರೀಕ್ಷೆಗಳು ಮುಂದೆ ಹೋದವು. ಜುಲೈ 9ರಂದು ಜನಸಾಗರ ಅಧ್ಯಕ್ಷರ ನಿವಾಸವನ್ನೇ ಹೊಕ್ಕಿತು. ಆ ದಿನದ ಚಿತ್ರ ನಮ್ಮ ಕಣ್ಣಿನಲ್ಲಿ ನಿಂತುಹೋಗಿದೆ, ತರುವಾಯದ ದಿನಗಳ ಚಿತ್ರ ನಿಲ್ಲಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಶೇಕಡಾ 70ರ ಸನಿಹಕ್ಕೇರಿದ್ದ ಹಣದುಬ್ಬರ ಮರುವರ್ಷವೇ ಒಂದಂಕಿಗೆ ಇಳಿದುದು, ಇಂಧನದ ಪಡಿತರ 2023ರ ಸೆಪ್ಟೆಂಬರ್‌ನಲ್ಲಿ ರದ್ದಾದುದು, 2024ರಲ್ಲಿ 20 ಲಕ್ಷಕ್ಕೂ ಮಿಕ್ಕ ಪ್ರವಾಸಿಗರು ಬಂದುದು ಮತ್ತು ಅವರೊಳಗೆ ಭಾರತೀಯರೇ ಮೊದಲಿಗರಾದುದು, ಇವು ಯಾವ ಪತ್ರಿಕೆಯ ಮುಖಪುಟದಲ್ಲಿಯೂ ಬಹುಕಾಲ ಉಳಿಯತಕ್ಕ ವಾರ್ತೆಗಳಲ್ಲ.

ಇನ್ನು ಔಚಿತ್ಯದ ಪ್ರಶ್ನೆ; ನನ್ನನ್ನು ಹೆಚ್ಚು ಕಾಡಿದುದು ಇದೇ. ತೆರಿಗೆಗಳನ್ನು ವಿವೇಚನೆಯಿಲ್ಲದೆ ಇಳಿಸಿದುದು, 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಷೇಧಿಸಿ ಬತ್ತದ ಇಳುವರಿಯನ್ನು ಕುಗ್ಗಿಸಿದುದು ಮುಂತಾದ ಆಳುವವರ ಪ್ರಮಾದಗಳು ಹಲವಿದ್ದರೂ, ಅತಿಥಿಗಳು ಬಾರದೆ ಹೋದುದೂ ಆ ದೇಶದ ಪತನಕ್ಕೆ ಒಂದು ಕಾರಣ. 2018ರಲ್ಲಿ 23 ಲಕ್ಷ ಮಂದಿಯನ್ನು ಬರಮಾಡಿಕೊಂಡಿದ್ದ ದ್ವೀಪವು, ಮರುವರ್ಷದ ಈಸ್ಟರ್ ದಿನದ ಬಾಂಬುಗಳಿಗೂ ಅದರ ಬೆನ್ನಿಗೇ ಬಂದ ಮಹಾಮಾರಿಗೂ ಸಿಕ್ಕಿ, ಚಹಾ ಮತ್ತು ಸಿದ್ಧ ಉಡುಪುಗಳಂತೆಯೇ ತನಗೆ ಡಾಲರು ತರುತ್ತಿದ್ದ ಈ ವೃತ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಹೀಗಿರುವಲ್ಲಿ, ಅವರ ಕಷ್ಟಕ್ಕೆ ಮರುಗಿ ನಾವು ದೂರ ಉಳಿಯುವುದೆಂದರೆ, ವ್ಯಾಪಾರವಿಲ್ಲದೆ ಕುಳಿತ ಅಂಗಡಿಯವನನ್ನು ಕಂಡು ಮನ ನೊಂದು, ಆ ನೋವಿನಿಂದಲೇ ಅವನ ಅಂಗಡಿಯನ್ನು ಬಳಸಿಕೊಂಡು ಹೋದಂತೆ.

ಆದರೆ ಹೋಗುವ ರೀತಿಯೊಂದಿದೆ. ಕಷ್ಟ ಪೂರ್ತಿ ಕಳೆದಿಲ್ಲ. 2024ರ ಆರಂಭದಲ್ಲಿ ಮೌಲ್ಯವರ್ಧಿತ ತೆರಿಗೆ ಶೇಕಡಾ 18ಕ್ಕೇರಿತು, ಅದರ ಭಾರ ಬಡವನ ಬುಟ್ಟಿಯ ಮೇಲೂ ಬಿದ್ದಿತು. ಆದಕಾರಣ ದೊಡ್ಡ ಹೋಟೆಲಿನ ಗೋಡೆಗಳೊಳಗೇ ಎಲ್ಲವನ್ನೂ ಮುಗಿಸಿಕೊಳ್ಳದೆ, ನಮ್ಮ ಒತ್ತುಶಾವಿಗೆಯಂಥ ಇಡಿಯಪ್ಪವನ್ನು ಸಂಬೋಲವೆಂಬ ತೆಂಗಿನಕಾಯಿಯ ಚಟ್ನಿಯೊಡನೆ ಬಡಿಸುವ ಗೃಹಸ್ಥರ ಮನೆಯಲ್ಲಿ ತಂಗಬೇಕು. ಸಿಗಿರಿಯದ ಬಂಡೆಯನ್ನು ಹತ್ತಿ ಇಳಿದ ಮೇಲೆ ತಂಬಿಲಿಯೆಂಬ ಕೇಸರಿ ಬಣ್ಣದ ಎಳನೀರನ್ನು ದಾರಿಬದಿಯಲ್ಲಿಯೇ ಕುಡಿಯಬೇಕು. ವಾರಕ್ಕೆ ಕೆಲವೇ ಲೀಟರು ಪೆಟ್ರೋಲಿನಲ್ಲಿ ಸಂಸಾರ ತೂಗಿಸಿದ ಆಟೋ ಚಾಲಕನೊಡನೆ ಹತ್ತಿಪ್ಪತ್ತು ರೂಪಾಯಿಗಾಗಿ ಚೌಕಾಸಿ ಮಾಡಬಾರದು. ಅವಕಾಶವಿದ್ದವರು ಕ್ಯಾಂಡಿ, ಗಾಲೆಗಳಿಗೇ ನಿಲ್ಲದೆ, 2009ರವರೆಗೆ ಯುದ್ಧದಲ್ಲಿ ಬೆಂದ ಯಾಳ್ಪಾಣಕ್ಕೂ (ಜಾಫ್ನಾ) ಹೋಗಿ, 1981ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದು ನಿಂತಿರುವ ಅಲ್ಲಿಯ ಗ್ರಂಥಾಲಯವನ್ನು ನೋಡಿ ಬರಲಿ.

ಕಾಲದ ಚಿಂತೆಯೂ ಬೇಡ. ದ್ವೀಪದ ಎರಡು ತೀರಗಳಿಗೆ ಮಳೆಗಾಲ ಬೇರೆ ಬೇರೆ. ನಮ್ಮ ಮಕ್ಕಳ ಬೇಸಗೆಯ ರಜೆ ಮುಗಿಯುತ್ತ ಬರುವ ಮೇ ತಿಂಗಳಿನಲ್ಲಿ ಪಶ್ಚಿಮದ ಕಡಲು ಕೆರಳುತ್ತಿದ್ದರೂ, ಪೂರ್ವ ತೀರದಲ್ಲಿ ಕೋಣೇಶ್ವರನ ಗುಡಿಯಿರುವ ತ್ರಿಕೋಣಮಲೆಯ ಕಡಲು ತಿಳಿಯಾಗಿರುತ್ತದೆ.