ಅಲ್ಪಪಣದಲ್ಲಿ ಮಾಯಾವಿಗೆ ಎಡೆಯಿಲ್ಲ

ಪೋಕರ್ ಎಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು, ನಿರ್ವಿಕಾರವಾದ ಮುಖಮುದ್ರೆಯಿಂದಲೇ ಎದುರಾಳಿಯನ್ನು ಬೆದರಿಸಿ ಗೆಲ್ಲುವ ಮಾಯಾವಿಯ ಚಿತ್ರ. ಲಾಸ್ ವೇಗಸ್ಸಿನ ಕ್ಯಾಸಿನೋಗಳ 2–4 ಡಾಲರಿನ ಮಿತಪಣದ ಟೆಕ್ಸಾಸ್ ಹೋಲ್ಡೆಮ್ ಆಟಕ್ಕಾದರೋ ಈ ಚಿತ್ರವು ಎಳ್ಳಷ್ಟೂ ಒಪ್ಪದು.

ಅಲ್ಲಿ ಮೊದಲೆರಡು ಸುತ್ತುಗಳಲ್ಲಿ 2, ಕಡೆಯೆರಡರಲ್ಲಿ 4 ಡಾಲರುಗಳಂತೆ ಮಾತ್ರ ಪಣ ಏರುತ್ತದೆ. ನಡುವೆ 30 ಡಾಲರ್ ಸಂಚಯವಾಗಿರುವಾಗ, ಕೊನೆಯ ಎಲೆ ಬಿದ್ದ ಮೇಲೆ ಬರಿಗೈಯವನೊಬ್ಬನು ಮಹಾಗಾಂಭೀರ್ಯದಿಂದ 4 ಡಾಲರನ್ನು ಮುಂದೊತ್ತಿದರೆ, ಕ್ಷುದ್ರವಾದೊಂದು ಜೋಡಿಯನ್ನು ಹಿಡಿದವನೂ 34ರ ಆಸೆಗೆ 4ನ್ನು ತೆರಲು ಹಿಂಜರಿಯನು. ಹಿಂಜರಿಯಲೂಬಾರದು, ಏಕೆಂದರೆ ಹತ್ತರಲ್ಲಿ ಎರಡು ಸಲ ಅವನ ಸಂದೇಹವು ನಿಜವಾದರೂ ಅವನಿಗೆ ಲಾಭವೇ.

ಇನ್ನು, ಒಂದು ಎಲೆ ಬಾಕಿಯಿರುವಾಗ, ಅಷ್ಟೇ ಸಂಚಯದ ಮೇಲೆ ಅಷ್ಟೇ ಪಣವು ನಮ್ಮೆದುರಿಗೆ ಬಂದಿತೆನ್ನೋಣ. ಕೈಯಲ್ಲಿ ಆಟೀನಿನ ಎಕ್ಕ ಮತ್ತು ಒಂಬತ್ತು, ಮೇಜಿನ ಮೇಲಿನ ನಾಲ್ಕರಲ್ಲಿ ಮತ್ತೆರಡು ಆಟೀನು: ನಮಗೆ ಬೇಕಾದ ಐದನೆಯ ಆಟೀನಿಗೆ ಕಾಣದ 46 ಎಲೆಗಳಲ್ಲಿ 9 ಅನುಕೂಲ, 37 ಪ್ರತಿಕೂಲ. ನಾಲ್ಕು ಪಟ್ಟಿಗಿಂತ ತುಸು ಮಿಗಿಲಾದ ಪ್ರತಿಕೂಲತೆಗೆ ಎಂಟೂವರೆ ಪಟ್ಟು ಪ್ರತಿಫಲವಿರುವಲ್ಲಿ ಕೈಚೆಲ್ಲುವುದನ್ನು ವಿವೇಕವೆಂದು ಕರೆಯುವವರೊಡನೆ ನನಗೆ ಸಹಮತವಿಲ್ಲ. ಆದರೆ ಸಾಲಿನ ನಡುವಣ ಒಂದೇ ಅಂಕದ ಎಲೆಗಾಗಿ ಕಾಯುವವನಿಗೆ ಅನುಕೂಲವಾದವು ನಾಲ್ಕೇ. ಅವನು ಕೈಚೆಲ್ಲುವುದೇ ಲೇಸು.

ಆಟಗೃಹದವರು ಪ್ರತಿ ಸಂಚಯದಿಂದಲೂ ಕೀಳುವ ಸುಂಕವು ಅಲ್ಪಪಣದವರನ್ನೇ ಹೆಚ್ಚು ಬಾಧಿಸುವುದರಿಂದ, ಗುಲಾಮ ಮತ್ತು ನಾಲ್ಕರಂಥ ಬಡ ಎಲೆಗಳನ್ನು ಕುತೂಹಲಕ್ಕೆಂದು ಉಳಿಸಿಕೊಳ್ಳುವ ಚಪಲವನ್ನು ಆರಂಭದಲ್ಲಿಯೇ ತ್ಯಜಿಸತಕ್ಕದ್ದು.