ಅತಿಮಾನುಷ ವೀರರ ಕಥೆಗಳು ವಿಕಥೆಗಳೇ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಾಠಶಾಲೆಗಳ ಸಭೆಗಳಲ್ಲಿಯೂ ಟ್ರಸ್ಟುಗಳ ಬೈಠಕ್ಕುಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದ ಅತಿಮಾನುಷ ವೀರರ ಕಥೆಗಳೂ, ಅನ್ಯಗ್ರಹದವರ ಹಾಗೂ ಯಂತ್ರಮಾನವರ ವೈಜ್ಞಾನಿಕ ಕಥೆಗಳೂ ವಿಕಥೆಗಳಂತೆ. ಅವು ಎಳೆಯ ಮನಸ್ಸಿನಲ್ಲಿ ಹಿಂಸೆಯನ್ನೂ ಮಿಥ್ಯಾತ್ವವನ್ನೂ ಬಿತ್ತುತ್ತವಂತೆ. ಆದುದರಿಂದ ಬಸದಿಯ ಆಶ್ರಯದಲ್ಲಿರುವ ಗ್ರಂಥಾಲಯಗಳಲ್ಲಿ ಅವುಗಳಿಗೆ ಸ್ಥಾನವಿರಕೂಡದಂತೆ. ನನಗೆ ಪರಿಚಿತವಾದ ಒಂದು ಗ್ರಂಥಾಲಯದಲ್ಲಿ ದಾನಿಗಳು ಕೊಟ್ಟಿದ್ದ ಇಂತಹ ಪುಸ್ತಕಗಳನ್ನು ಕಟ್ಟುಕಟ್ಟಿ ರದ್ದಿಗೆ ಹಾಕಿದ್ದೂ ಆಗಿದೆ. ಹತ್ತನೆಯ ವಯಸ್ಸಿನಿಂದ ಅರವತ್ತು ದಾಟಿದ ಇಂದಿನವರೆಗೂ ಈ ಕಥೆಗಳನ್ನು ಬಿಡದೆ ಓದಿಕೊಂಡು ಬಂದಿರುವ, ಜೊತೆಗೆ ನಿತ್ಯಸ್ವಾಧ್ಯಾಯವನ್ನೂ ಬಿಡದಿರುವ ಒಬ್ಬ ಶ್ರಾವಕನಾಗಿ ಈ ತೀರ್ಮಾನವನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ಸಮಾಜಬಾಂಧವರ ಮುಂದಿಡುವುದು ನನ್ನ ಕರ್ತವ್ಯ.

ಮೊದಲು ವಿಕಥೆ ಎಂಬ ಶಬ್ದವನ್ನೇ ವಿಚಾರಿಸೋಣ. ಸ್ತ್ರೀಕಥೆ, ಭಕ್ತಕಥೆ, ಚೋರಕಥೆ, ರಾಜಕಥೆ ಎಂದು ನಾಲ್ಕು ವಿಕಥೆಗಳನ್ನು ಹೇಳಿ, ಶಾಸ್ತ್ರಕಾರರು ಅವನ್ನು ಹದಿನೈದು ಪ್ರಮಾದಗಳಲ್ಲಿ ಎಣಿಸಿದ್ದಾರೆ. ಯಾರ ಮನೆಯ ಮದುವೆಯಲ್ಲಿ ಎಷ್ಟು ಬಗೆಯ ಸಿಹಿ ಬಡಿಸಿದರೆಂಬುದು ಭಕ್ತಕಥೆ. ಯಾವ ಮಂತ್ರಿಯ ಕುರ್ಚಿ ಅಲುಗಾಡುತ್ತಿದೆಯೆಂಬುದು ರಾಜಕಥೆ. ಪ್ರವಚನ ಮುಗಿದೊಡನೆ ಬಸದಿಯ ಜಗಲಿಯ ಮೇಲೆ ನಾವೆಲ್ಲ ಆಡುವ ಮಾತುಗಳೇ ಇವು. ಅವನ್ನು ಯಾವ ಟ್ರಸ್ಟೂ ಇದುವರೆಗೆ ನಿಷೇಧಿಸಿಲ್ಲ. ಕಥೆಯಲ್ಲಿ ಆಶ್ಚರ್ಯವಿದೆಯೆಂಬ ಕಾರಣಕ್ಕೆ ಅದು ವಿಕಥೆಯಾಗುವುದಿಲ್ಲ. ರಾಗದ್ವೇಷಗಳನ್ನು ಬೆಳೆಸಿ ಮನಸ್ಸನ್ನು ಎಚ್ಚರದಿಂದ ಜಾರಿಸಿದರೆ ಮಾತ್ರ ಆಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಈ ಕಥೆಗಳು ಓದುಗನನ್ನು ಜಾರಿಸುತ್ತವೆಯೋ ಎಚ್ಚರಿಸುತ್ತವೆಯೋ ಎಂಬುದೊಂದೇ.

ಆಕ್ಷೇಪಿಸುವವರು ಹೇಳುವ ಮೊದಲನೆಯ ದೋಷ, ಇವು ಅಸಂಭವ ಕಥೆಗಳೆಂಬುದು. ಮನುಷ್ಯನು ಆಕಾಶದಲ್ಲಿ ಹಾರುವುದುಂಟೆ, ರೂಪ ಬದಲಿಸುವುದುಂಟೆ ಎಂದು ಅವರು ಕೇಳುತ್ತಾರೆ. ಹಾಗಾದರೆ ನಮ್ಮ ಪ್ರಥಮಾನುಯೋಗದ ವಿದ್ಯಾಧರರು ಮಾಡುವುದೇನು? ಅವರು ದೇವತೆಗಳಲ್ಲ, ಮನುಷ್ಯರೇ. ವಿದ್ಯೆಗಳನ್ನು ಸಾಧಿಸಿ ಗಗನಗಾಮಿಗಳಾದವರು. ಇನ್ನೂ ಒಂದು ಸಂಗತಿ ಗಮನಾರ್ಹ. ವಿಮಲಸೂರಿಯ ಪಉಮಚರಿಯದಲ್ಲಿ ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ಹಾರದ ರತ್ನಗಳಲ್ಲಿ ಅವನ ಮುಖ ಒಂಬತ್ತಾಗಿ ಪ್ರತಿಬಿಂಬಿಸಿದ್ದರಿಂದ ದಶಮುಖನೆಂಬ ಹೆಸರು ಬಂದಿತು. ವಾನರರು ಕಪಿಗಳಲ್ಲ, ಕಪಿಚಿಹ್ನೆಯ ಧ್ವಜವನ್ನು ಹೊತ್ತ ವಿದ್ಯಾಧರ ವಂಶದವರು. ಅಂದರೆ ನಮ್ಮ ಕಥಾಕಾರರು ಆಶ್ಚರ್ಯವನ್ನು ಬಿಡಲಿಲ್ಲ, ಆದರೆ ಅದಕ್ಕೊಂದು ಕಾರಣವನ್ನು ಕೊಡಬೇಕೆಂದು ಹಟ ಹಿಡಿದರು. ವೈಜ್ಞಾನಿಕ ಕಥೆಯ ಮನೋಧರ್ಮವೂ ಇದೇ ತಾನೆ? ವಿದ್ಯಾಧರನ ಕಥೆಯನ್ನು ಕಪಾಟಿನಲ್ಲಿಟ್ಟು ಸೂಪರ್‌ಮ್ಯಾನನ ಕಥೆಯನ್ನು ರದ್ದಿಗೆ ಹಾಕುವುದೆಂದರೆ, ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಬಳಸಿದಂತೆ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂಬುದನ್ನು ವ್ಯಾಪಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರ ಪಕ್ಕದಲ್ಲಿಯೇ ಇನ್ನೊಂದು ತಪ್ಪು ವಾದವಿದೆ. “ಎಲ್ಲ ವಿಜ್ಞಾನವೂ ನಮ್ಮ ಪುರಾಣಗಳಲ್ಲಿ ಮೊದಲೇ ಇತ್ತು, ಪರದೇಶದ ಕಲ್ಪನೆಗಳು ನಮಗೇಕೆ?” ಎಂಬುದು ಅದು. ಕಥೆಯನ್ನು ಇತಿಹಾಸವೆಂದು ಸಾಧಿಸಹೊರಟವರು ಎರಡನ್ನೂ ಕೆಡಿಸುತ್ತಾರೆ. ಪ್ರಾಚೀನವೆಂದು ಹೇಳಲಾಗುತ್ತಿದ್ದ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿ ಪರೀಕ್ಷಿಸಿ, ಅದು ೧೯೦೦ರಿಂದ ೧೯೨೨ರ ನಡುವೆ ರಚಿತವಾದುದೆಂದೂ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಸತ್ಯವ್ರತವನ್ನು ಹೇಳಿಕೊಳ್ಳುವವರಿಗೆ ಇಷ್ಟು ಸಾಕು. ಇದು ಕಥೆ ಎಂದು ಒಪ್ಪಿಕೊಂಡು ಹೇಳುವ ಕಥೆಯಲ್ಲಿ ಅಸತ್ಯದ ದೋಷವಿಲ್ಲ. ಕಥೆಯನ್ನು ಪ್ರಮಾಣವೆಂದು ಸಾರುವುದರಲ್ಲಿದೆ.

ಎರಡನೆಯದು ಹಿಂಸೆಯ ಆಕ್ಷೇಪ. ಇದು ಗಂಭೀರವಾದುದು, ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಈ ಕಥೆಗಳಲ್ಲಿ ಹೊಡೆದಾಟವಿದೆ, ನಿಜ. ಆದರೆ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ ಪರಂಪರೆ ನಮ್ಮದು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತೊರೆಯಬೇಕು. ಆಶ್ರಿತರ ರಕ್ಷಣೆಗಾಗಿ ಅನಿವಾರ್ಯವಾಗಿ ನಡೆಯುವ ವಿರೋಧೀ ಹಿಂಸೆಯನ್ನು ಅವನಿಗೆ ಸರ್ವಥಾ ನಿಷೇಧಿಸಿಲ್ಲ. ಈಗ ಅತಿಮಾನುಷ ವೀರರನ್ನು ನೋಡೋಣ. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರ ಸೂಪರ್‌ಮ್ಯಾನ್ ೧೯೩೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದನು. ಮರುವರ್ಷ ಬಂದ ಬ್ಯಾಟ್‌ಮ್ಯಾನ್ ಮೊದಮೊದಲ ಕಥೆಗಳಲ್ಲಿ ಅಪರಾಧಿಗಳನ್ನು ಕೊಂದದ್ದುಂಟು. ಆದರೆ ಒಂದೆರಡು ವರ್ಷಗಳಲ್ಲಿಯೇ, ಈತನು ಕೊಲ್ಲಕೂಡದು, ಕೈಯಲ್ಲಿ ಬಂದೂಕು ಹಿಡಿಯಕೂಡದು ಎಂಬ ಕಟ್ಟಳೆಯನ್ನು ಸಂಪಾದಕರು ಹಾಕಿದರು. ಮುಂದೆ ಆ ಕಟ್ಟಳೆಯೇ ಆ ಪಾತ್ರದ ಪ್ರಾಣವಾಯಿತು. ತಂದೆತಾಯಿಗಳನ್ನು ಕಣ್ಣೆದುರಿಗೇ ಕಳೆದುಕೊಂಡವನು, ಸೇಡಿಗೆ ಬೇಕಾದ ಬಲವೂ ಧನವೂ ಇರುವವನು, ಕೊಲ್ಲುವುದಿಲ್ಲವೆಂಬ ನಿಯಮಕ್ಕೆ ತನ್ನನ್ನು ಕಟ್ಟಿಕೊಂಡಿದ್ದಾನೆ. ಗೃಹಸ್ಥನಿಗೆ ವಿಧಿಸಿದ ಮೇರೆಗಿಂತ ಇದು ಒಂದು ಹೆಜ್ಜೆ ಮುಂದೆ ಇದೆ. ನಾನು ಬಾಲ್ಯದಲ್ಲಿ ಓದಿದ ಇಂದ್ರಜಾಲ ಕಾಮಿಕ್ಸ್ (೧೯೬೪ರಲ್ಲಿ ಹುಟ್ಟಿ ೧೯೯೦ರಲ್ಲಿ ನಿಂತುಹೋದ ಮಾಲಿಕೆ) ನಮಗೆ ಪರಿಚಯಿಸಿದ ಫ್ಯಾಂಟಮ್ ಕೂಡ ಸಾಮಾನ್ಯವಾಗಿ ಎದುರಾಳಿಯ ಕೈಯ ಆಯುಧಕ್ಕೆ ಗುರಿಯಿಡುತ್ತಿದ್ದನೇ ಹೊರತು ಎದೆಗಲ್ಲ.

೧೯೬೨ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರಚಿಸಿದ ಸ್ಪೈಡರ್‌ಮ್ಯಾನನ ಮೊದಲ ಕಥೆಯನ್ನಂತೂ ಪ್ರತಿಯೊಂದು ಪಾಠಶಾಲೆಯಲ್ಲಿ ಓದಿಸಬೇಕೆಂದು ನನ್ನ ಮತ. ಅದ್ಭುತ ಶಕ್ತಿ ಪಡೆದ ಹುಡುಗನೊಬ್ಬ ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯಬಲ್ಲವನಾಗಿದ್ದೂ, ನನಗೇಕೆ ಈ ಉಸಾಬರಿ ಎಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳನು ಮುಂದೆ ಹುಡುಗನನ್ನು ಸಾಕಿ ಸಲಹಿದ ದೊಡ್ಡಪ್ಪನನ್ನು ಕೊಲ್ಲುತ್ತಾನೆ. ಹುಡುಗನ ಕೈ ಯಾರ ಮೇಲೂ ಏಳಲಿಲ್ಲ. ಆದರೂ ಆ ಸಾವಿನ ಭಾರ ಅವನ ಜೀವಮಾನವಿಡೀ ಇಳಿಯುವುದಿಲ್ಲ. ಹಿಂಸೆಯ ಮೂಲ ಪ್ರಮಾದವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಆ ಸೂತ್ರವನ್ನು ಬಾಯಿಪಾಠ ಮಾಡಿದ ಎಷ್ಟು ಮಕ್ಕಳಿಗೆ ಅದರ ಅರ್ಥ ಎದೆಗೆ ಇಳಿದಿದೆ? ಈ ಹುಡುಗನ ಕಥೆಯನ್ನು ಓದಿದ ಮಗುವಿಗೆ ಪ್ರಮಾದವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಈ ಕಥೆಗಳೆಲ್ಲವೂ ಒಳ್ಳೆಯವೆಂದು ನಾನು ಹೇಳುತ್ತಿಲ್ಲ. ಅಳೆಯುವ ಮಾನದಂಡವೊಂದು ಬೇಕು, ಅದು ನಮ್ಮಲ್ಲಿಯೇ ಇದೆ. ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನು ಓದಿದವರು ಬಲ್ಲರು: ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕೊಂದ ಲಕ್ಷ್ಮಣನಿಗೆ ನರಕ, ಕೊಲ್ಲದ ರಾಮನಿಗೆ ಮೋಕ್ಷ. ಗೆದ್ದವನು ನಾಯಕನೆಂಬ ಕಾರಣಕ್ಕೆ ಅವನ ಕರ್ಮದ ಖಾತೆಯಲ್ಲಿ ರಿಯಾಯಿತಿಯಿಲ್ಲ. ಬಾಹುಬಲಿಯು ಅಣ್ಣನನ್ನು ಎತ್ತಿ ಹಿಡಿದ ಕ್ಷಣದಲ್ಲಿ, ಗೆಲುವು ಕೈಯಲ್ಲಿರುವಾಗಲೇ ಅದನ್ನು ತೊರೆದನು. ಶಕ್ತಿಯುಳ್ಳವನು ಕೊಂದರೆ ಅದಕ್ಕೆ ಬೆಲೆ ತೆರುತ್ತಾನೆಯೇ, ಗೆಲುವಿನ ಮುಂದೆ ಕೈ ತಡೆಯಬಲ್ಲನೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿಯೊಂದು ವೀರಕಥೆಗೂ ಹಾಕಬೇಕು. ೨೦೧೩ರ ಸೂಪರ್‌ಮ್ಯಾನ್ ಚಿತ್ರದಲ್ಲಿ ನಗರವೇ ಕುಸಿದುಬೀಳುತ್ತದೆ, ಕೊನೆಗೆ ನಾಯಕನು ಎದುರಾಳಿಯ ಕತ್ತು ಮುರಿಯುತ್ತಾನೆ. ಆಗ ಅದನ್ನು ತೀವ್ರವಾಗಿ ಖಂಡಿಸಿದವರಲ್ಲಿ ಆ ಪಾತ್ರದ ಹಳೆಯ ಅಭಿಮಾನಿಗಳೇ ಮುಂದಿದ್ದರು. ಸೂಪರ್‌ಮ್ಯಾನನು ಕೊಲ್ಲುವವನಲ್ಲ ಎಂಬುದೇ ಅವರ ದೂರು. ೨೦೧೬ರ ಕ್ಯಾಪ್ಟನ್ ಅಮೆರಿಕ ಚಿತ್ರವು, ವೀರರ ಕಾದಾಟದಲ್ಲಿ ಸತ್ತ ಅಮಾಯಕರಿಗೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆಯನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡಿತು. ೨೦೨೫ರ ಸೂಪರ್‌ಮ್ಯಾನ್ ಚಿತ್ರದಲ್ಲಿ, ದೈತ್ಯಪ್ರಾಣಿಯೊಡನೆ ಸೆಣಸಾಟ ನಡೆದಿರುವಾಗಲೇ ನಾಯಕನು ಒಂದು ಅಳಿಲನ್ನು ಎತ್ತಿ ಅಪಾಯದಿಂದ ಪಾರುಮಾಡುತ್ತಾನೆ. ಆ ದೈತ್ಯಪ್ರಾಣಿಯನ್ನೂ ಕೊಲ್ಲದೆ ಉಳಿಸಬೇಕೆಂಬುದೇ ಅವನ ಇಚ್ಛೆ. ಇದನ್ನು ಹಿಂಸೆಯ ಪಾಠವೆನ್ನುವುದೆ? ಮತ್ತೊಂದೆಡೆ, ನಮ್ಮ ಸ್ವಾಮಿಯ ಹೆಸರನ್ನೇ ಹೊತ್ತು ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಬಂದ ಯುದ್ಧದ ಚಲನಚಿತ್ರಗಳನ್ನು ನಮ್ಮವರೇ ಕುಟುಂಬಸಮೇತರಾಗಿ ಹೋಗಿ ನೋಡಿಬಂದರು. ಆಗ ಹಿಂಸೆಯ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ.

ಇನ್ನು ವೈಜ್ಞಾನಿಕ ಕಥೆಗಳ ವಿಷಯ. ಈ ಪ್ರಕಾರದ ಆದಿಕೃತಿಯೆಂದು ಅನೇಕರು ಎಣಿಸುವ ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ೧೮೧೮ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿಜ್ಞಾನಿಯು ಸೃಷ್ಟಿಸಿದ ಜೀವಿ, ತಾನು ಕುರಿ ಮೇಕೆಗಳನ್ನು ಕೊಂದು ತಿನ್ನುವವನಲ್ಲ, ಕಾಯಿ ಹಣ್ಣುಗಳೇ ತನಗೆ ಸಾಕೆಂದು ಹೇಳಿಕೊಳ್ಳುತ್ತದೆ. ಲೋಕವು ರಾಕ್ಷಸನೆಂದು ಹೆಸರಿಟ್ಟ ಜೀವಿ ಸಸ್ಯಾಹಾರಿಯೆಂಬುದು ನಮ್ಮ ಎಷ್ಟು ಮಂದಿಗೆ ಗೊತ್ತು? ಎಚ್. ಜಿ. ವೆಲ್ಸ್ ೧೮೯೮ರಲ್ಲಿ ಪ್ರಕಟಿಸಿದ ಲೋಕಗಳ ಸಮರ ಎಂಬ ಕಾದಂಬರಿಯಲ್ಲಿ ಮಂಗಳಗ್ರಹದವರು ಭೂಮಿಗೆ ಬಂದು ಮನುಷ್ಯರ ರಕ್ತವನ್ನು ಆಹಾರವಾಗಿ ಹೀರುತ್ತಾರೆ. ಅದನ್ನು ಅಸಹ್ಯವೆನ್ನುವ ಮೊದಲು, ಬುದ್ಧಿಯುಳ್ಳ ಮೊಲವೊಂದಕ್ಕೆ ನಮ್ಮ ಮಾಂಸಾಹಾರ ಹೇಗೆ ಕಂಡೀತೆಂದು ಯೋಚಿಸಿರೆಂದು ಲೇಖಕನು ಓದುಗರಿಗೆ ಸೂಚಿಸುತ್ತಾನೆ. ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನವರು ನಾಶಮಾಡಿದ್ದನ್ನೂ ಆರಂಭದಲ್ಲಿಯೇ ನೆನಪಿಸುತ್ತಾನೆ. ಕೊನೆಗೆ ಆ ಬಲಾಢ್ಯರನ್ನು ಮಣಿಸುವುದು ಯಾವ ಫಿರಂಗಿಯೂ ಅಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನೀರು ಸೋಸಿ ಕುಡಿಯುವ ಸಮಾಜಕ್ಕೆ ಈ ಕಥೆ ಅನ್ಯವೆಂದು ಹೇಳುವವರು ಅದನ್ನು ಓದಿಯೇ ಇಲ್ಲವೆಂದು ನಾನು ಭಾವಿಸುತ್ತೇನೆ.

ಐಸಾಕ್ ಅಸಿಮೋವ್ ೧೯೪೨ರ ಕಥೆಯೊಂದರಲ್ಲಿ ಯಂತ್ರಮಾನವರಿಗೆ ಮೂರು ನಿಯಮಗಳನ್ನು ವಿಧಿಸಿದನು. ಯಂತ್ರಮಾನವನು ಮನುಷ್ಯನಿಗೆ ಹಾನಿ ಮಾಡಕೂಡದು, ಸುಮ್ಮನಿದ್ದು ಹಾನಿಯಾಗಗೊಡಲೂ ಕೂಡದು ಎಂಬುದು ಮೊದಲನೆಯದು. ಕೃತ, ಕಾರಿತ, ಅನುಮೋದನ ಎಂಬ ನಮ್ಮ ವಿಭಾಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಸಿಮೋವನ ನಿಯಮ ಮನುಷ್ಯನಲ್ಲಿಯೇ ನಿಂತುಬಿಡುತ್ತದೆ. ನಮ್ಮ ಅಹಿಂಸೆ ಏಕೇಂದ್ರಿಯ ಜೀವದವರೆಗೆ ಹೋಗುತ್ತದೆ. ಯಂತ್ರಗಳಿಗೆ ಬುದ್ಧಿ ಕಲಿಸುವ ಉದ್ಯೋಗದಲ್ಲಿ ಇಂದು ನಮ್ಮ ಮಕ್ಕಳೇ ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ತೊಡಗಿದ್ದಾರೆ. ಯಂತ್ರಕ್ಕೆ ಎಂತಹ ವ್ರತ ಬೇಕೆಂಬ ಚರ್ಚೆಗೆ ನಮ್ಮ ಯುವಕರು ತಮ್ಮ ಪರಂಪರೆಯನ್ನು ಹಿಡಿದುಕೊಂಡು ಹೋಗಬೇಕಾದರೆ, ಅವರು ಅಸಿಮೋವನನ್ನೂ ಓದಿರಬೇಕು, ಪುರುಷಾರ್ಥಸಿದ್ಧ್ಯುಪಾಯವನ್ನೂ ಓದಿರಬೇಕು. ಒಂದನ್ನು ಕಿತ್ತುಕೊಂಡರೆ ಇನ್ನೊಂದರ ಮೇಲೆ ಭಕ್ತಿ ಹುಟ್ಟುತ್ತದೆಂಬುದು ಭ್ರಮೆ.

ನಿಷೇಧದ ಫಲವೇನೆಂಬುದನ್ನು ಅಮೆರಿಕವೇ ಅನುಭವಿಸಿ ನೋಡಿದೆ. ೧೯೫೪ರಲ್ಲಿ ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯನು ಚಿತ್ರಕಥೆಗಳೇ ಬಾಲಾಪರಾಧಕ್ಕೆ ಕಾರಣವೆಂದು ಪುಸ್ತಕ ಬರೆದನು. ಸೆನೆಟ್ಟಿನಲ್ಲಿ ವಿಚಾರಣೆ ನಡೆಯಿತು. ಪ್ರಕಾಶಕರು ಅದೇ ವರ್ಷ ತಮ್ಮ ಮೇಲೆ ತಾವೇ ಕಠಿಣ ಸಂಹಿತೆಯೊಂದನ್ನು ಹೇರಿಕೊಂಡರು. ಹಲವು ಪ್ರಕಟಣೆಗಳು ನಿಂತುಹೋದವು. ಆ ಸಂಹಿತೆಯನ್ನು ಉಳಿದ ಪ್ರಕಾಶಕರೂ ಕೈಬಿಟ್ಟದ್ದು ೨೦೧೧ರಲ್ಲಿ. ಮರುವರ್ಷ ಕ್ಯಾರಲ್ ಟಿಲ್ಲಿ ಎಂಬ ವಿದುಷಿ ವರ್ತಮನ ಮೂಲ ಕಾಗದಪತ್ರಗಳನ್ನು ಪರಿಶೀಲಿಸಿ, ಅವನು ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ತಕ್ಕಂತೆ ತಿದ್ದಿದ್ದನೆಂದು ತೋರಿಸಿದರು. ಮಕ್ಕಳ ಹಿತವೆಂಬ ಸದುದ್ದೇಶವೂ ಸುಳ್ಳು ಲೆಕ್ಕವನ್ನು ಸತ್ಯವಾಗಿಸಲಾರದು.

ಟೀಕಿಸಬೇಕೆಂಬ ಉತ್ಸಾಹವಿರುವವರಿಗೆ ಟೀಕಿಸಲು ವಿಷಯವೇನೂ ಕಡಿಮೆಯಿಲ್ಲ. ಸೀಗಲ್ ಮತ್ತು ಶುಸ್ಟರ್ ತಮ್ಮ ಸೂಪರ್‌ಮ್ಯಾನನ ಸರ್ವಹಕ್ಕುಗಳನ್ನು ಮಾರಿದ್ದು ಕೇವಲ ೧೩೦ ಡಾಲರಿಗೆ. ಪಾತ್ರದಿಂದ ಅಪಾರ ಧನ ಹರಿದುಬಂದರೂ, ಸೃಷ್ಟಿಕರ್ತರಿಬ್ಬರಿಗೂ ಜೀವನಾಂಶವೂ ಅವರ ಹೆಸರಿಗೆ ಮನ್ನಣೆಯೂ ದೊರೆಯಲು ೧೯೭೫ರವರೆಗೆ ಕಾಯಬೇಕಾಯಿತು. ನ್ಯಾಯಾಲಯದಲ್ಲಿ ನಿಲ್ಲುವ ಕರಾರು ಧರ್ಮದಲ್ಲಿಯೂ ನಿಲ್ಲುತ್ತದೆಯೇ ಎಂದು ವ್ಯಾಪಾರಿಗಳು ಚಿಂತಿಸಬೇಕಾದ ಪ್ರಸಂಗವಿದು. ಅದೇ ಮೊದಲ ಸಂಚಿಕೆಯ ಒಂದು ಹಳೆಯ ಪ್ರತಿ ೨೦೨೪ರಲ್ಲಿ ೬೦ ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡ ಪುಸ್ತಕವನ್ನು ತೆರೆಯದೆ ಗಾಜಿನೊಳಗಿಟ್ಟು ಬೆಲೆ ಏರುವುದನ್ನು ಕಾಯುವುದು ಓದಲ್ಲ, ಪರಿಗ್ರಹ. ಮಕ್ಕಳಿಗೆ ಗೊಂಬೆ, ಅಂಗಿ, ಚೀಲಗಳನ್ನು ಮಾರಲೆಂದೇ ಕಥೆ ಹೆಣೆಯುವ ವ್ಯಾಪಾರವನ್ನು ಖಂಡಿಸಿದರೆ ನಾನೂ ದನಿಗೂಡಿಸುತ್ತೇನೆ.

ಟ್ರಸ್ಟುಗಳು ಮಾಡಬೇಕಾದುದು ಇಷ್ಟೇ. ಓದದೆ ಯಾವ ಪುಸ್ತಕವನ್ನೂ ಹೊರಹಾಕಬಾರದು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಗಳಿವೆ. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ, ೨೦೨೫ರಲ್ಲಿ ನಿಧನರಾದ ಜಯಂತ ನಾರಳೀಕರರು ಮರಾಠಿಯಲ್ಲಿ ಬರೆದ ಕಥೆಗಳಿವೆ. ಅವು ವಿದ್ಯಾಧರರ ಕಥೆಗಳ ಪಕ್ಕದಲ್ಲಿಯೇ ಕುಳಿತುಕೊಳ್ಳಲಿ. ತಿಂಗಳಿಗೊಮ್ಮೆ ಹಿರಿಯರೊಬ್ಬರು ಮಕ್ಕಳೊಡನೆ ಕುಳಿತು ಒಂದು ಕಥೆಯನ್ನು ಓದಿ, ಇವನು ಕೊಂದನೇ, ಕೊಲ್ಲದೆ ಬೇರೆ ದಾರಿಯಿತ್ತೇ, ಇವನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲಿ. ಕಥೆಯನ್ನು ಬಚ್ಚಿಟ್ಟರೆ ಮಗು ಅದನ್ನು ಮೊಬೈಲಿನಲ್ಲಿ ಒಂಟಿಯಾಗಿ ನೋಡುತ್ತದೆ, ಪ್ರಶ್ನೆಯಿಲ್ಲದೆ ನೋಡುತ್ತದೆ. ಶಕ್ತಿ ಬಂದಾಗ ಕೈ ತಡೆಯುವುದು ಹೇಗೆಂಬ ಪ್ರಶ್ನೆಯನ್ನು ಮಕ್ಕಳು ನಮ್ಮ ಎದುರಿಗೇ ಕೇಳುವಂತಾಗಬೇಕಾದರೆ, ಆ ಪುಸ್ತಕಗಳು ನಮ್ಮ ಕಪಾಟಿನಲ್ಲಿಯೇ ಇರಬೇಕು. ವಿಜ್ಞರು ವಿಚಾರಿಸಲಿ.